0.4 ಸೆಕೆಂಡಿನ ಕ್ವೆರಿ, 11 ನಿಮಿಷದ ವರದಿ: ಚಿಕ್ಕಮಗಳೂರಿನ ಒಂದು ಪ್ರಕರಣ ಅಧ್ಯಯನ

ಚಿಕ್ಕಮಗಳೂರಿನ ಹೊರವಲಯದಲ್ಲಿರುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ (ಕಾಫಿ ಸಂಸ್ಕರಿಸುವ ಕಾರ್ಖಾನೆಯ) ಡೇಟಾಬೇಸನ್ನು ನೋಡಿಕೊಳ್ಳುವ ಕೆಲಸ ನನ್ನದು. ನಾನಿರುವುದು ಹಾಸನದಲ್ಲಿ. ತಿಂಗಳಿಗೆ ಎರಡು ಸಲ ಬೇಲೂರಿನ ಮೇಲೆ ಬಸ್ಸಿನಲ್ಲಿ ಹೋಗಿಬರುತ್ತೇನೆ, ಉಳಿದ ಕೆಲಸವೆಲ್ಲ ದೂರದಿಂದಲೇ ನಡೆಯುತ್ತದೆ. ಫೆಬ್ರುವರಿ ಎರಡನೇ ವಾರ, ಅರೇಬಿಕಾ ಮುಗಿದು ರೋಬಸ್ಟಾ ಚೆರ್ರಿ ಲಾರಿಗಟ್ಟಲೆ ಬಂದು ಬೀಳುತ್ತಿದ್ದ ಹೊತ್ತಿನಲ್ಲಿ ಲೆಕ್ಕ ವಿಭಾಗದ ಮೇಡಂ ಫೋನ್ ಮಾಡಿದರು. “ಔಟ್‌ಟರ್ನ್ ವರದಿ ಬರಲು ಹನ್ನೊಂದು ನಿಮಿಷ ಹಿಡಿಯುತ್ತಿದೆ ಸರ್. ನಿನ್ನೆ ಎರಡು ಸಲ ಅರ್ಧಕ್ಕೇ ನಿಂತುಹೋಯಿತು. ಕೌಂಟರಿನ ಮುಂದೆ ಜನ ಕಾಯುತ್ತಿದ್ದಾರೆ.”

ಕಾಫಿ ಸೀಮೆಯ ಹೊರಗಿನವರಿಗಾಗಿ ಒಂದು ಮಾತು. ಬೆಳೆಗಾರರು ತಂದ 50 ಕೆ.ಜಿ. ಒಣ ಚೆರ್ರಿಯ ಸಿಪ್ಪೆಯನ್ನು ಹಲ್ಲರ್ ಯಂತ್ರದಲ್ಲಿ ತೆಗೆದರೆ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆ ಎಂಬ ಲೆಕ್ಕವೇ ಔಟ್‌ಟರ್ನ್. ಅವರಿಗೆ ಸಿಗುವ ದುಡ್ಡು ನಿಂತಿರುವುದು ಅದರ ಮೇಲೆ. ವರದಿ ಕೈಗೆ ಬರುವ ತನಕ ಲೆಕ್ಕ ವಿಭಾಗದವರು ಚೆಕ್ ಬರೆಯುವಂತಿಲ್ಲ. ಸಂಜೆ ತೋಟದ ಆಳುಗಳಿಗೆ ಬಟವಾಡೆ ಮಾಡಬೇಕಾದ ಸಣ್ಣ ಬೆಳೆಗಾರರೊಬ್ಬರು ಕೌಂಟರಿನ ಮುಂದೆ ನಿಂತಿರುವಾಗ ಹನ್ನೊಂದು ನಿಮಿಷ ಸಣ್ಣ ಅವಧಿಯಲ್ಲ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆದಿಡಲು ಅದೇ ಕಾರಣ.

ಸರ್ವರ್ ಇರುವುದು ಕಾರ್ಖಾನೆಯಲ್ಲಿ, ಅದರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ 14ನೇ ಆವೃತ್ತಿ. ಲೆಕ್ಕದ ಕಚೇರಿ ಪೇಟೆಯೊಳಗೆ. ಎರಡರ ನಡುವೆ ಬ್ರಾಡ್‌ಬ್ಯಾಂಡ್ ಸಂಪರ್ಕವಿದ್ದು, ಕಾರ್ಖಾನೆಯಿಂದ ಹೊರಹೋಗುವ ವೇಗ ಸೆಕೆಂಡಿಗೆ 20 ಮೆಗಾಬಿಟ್. ವರದಿ ತೆಗೆಯುವ ಕಂಪ್ಯೂಟರಿನಲ್ಲಿ 4 ಜಿಬಿ ಮೆಮೊರಿ. ವರದಿಯ ಪ್ರೋಗ್ರಾಂ ಪೈಥಾನ್‌ನಲ್ಲಿದೆ. ಅದು ಡೇಟಾಬೇಸಿಗೆ ಒಂದು ಕ್ವೆರಿ, ಅಂದರೆ ಮಾಹಿತಿ ಕೇಳುವ ಪ್ರಶ್ನೆ, ಕಳುಹಿಸಿ ಉತ್ತರ ಪಡೆಯುತ್ತದೆ. ಪ್ರೋಗ್ರಾಂ ಬರೆದವರು ಕಾರ್ಖಾನೆಯಲ್ಲೇ ಕೆಲಸ ಮಾಡುವ ಯುವತಿ, ಚುರುಕಿನವರು. ನವೆಂಬರಿನಿಂದ ಅಲ್ಲಿಯವರೆಗೆ ಟೇಬಲ್ಲಿಗೆ ಸೇರಿದ್ದ ತೂಕದ ಚೀಟಿಗಳು ಸುಮಾರು 5,400. ಡೇಟಾಬೇಸಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ. ಕಳೆದ ವರ್ಷ ಇದೇ ವರದಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು.

ಎರಡು ಅಂಕಿಗಳ ಜಗಳ

ಮೊದಲ ಎರಡು ದಿನ ನಾವು ತಪ್ಪು ಜಾಗದಲ್ಲಿ ಹುಡುಕಿದೆವು. ನಿಧಾನ ಎಂದೊಡನೆ, ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ನೆನಪಾಗುವುದು ನಮ್ಮ ವೃತ್ತಿಯ ಅಭ್ಯಾಸ. ಹೊಸ ಇಂಡೆಕ್ಸ್ ಹಾಕಿದೆವು, ಅಂಕಿಅಂಶಗಳನ್ನು ಹೊಸದಾಗಿ ತೆಗೆಸಿದೆವು. ಏನೂ ಬದಲಾಗಲಿಲ್ಲ. ಆಮೇಲೆ, ಕ್ವೆರಿಯ ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಆಜ್ಞೆಯನ್ನು ಓಡಿಸಿದರೆ ಒಟ್ಟು ಸಮಯ 0.4 ಸೆಕೆಂಡ್ ಎಂದು ಬಂತು. ಅದೇ ಸರ್ವರಿನ ಲಾಗ್ ಕಡತವನ್ನು ತೆರೆದರೆ, ಅದೇ ಕ್ವೆರಿಯ ಎದುರಿಗೆ 11 ನಿಮಿಷಕ್ಕೆ ಸಮೀಪದ ಅಂಕಿ ಇತ್ತು.

ಒಂದೇ ಸರ್ವರ್, ಒಂದೇ ಕ್ವೆರಿ, ಎರಡು ಸಾಕ್ಷ್ಯ. ಯುವತಿ ಡೇಟಾಬೇಸ್ ನೋಡುವ ಸಾಧನವಾದ ಡಿಬೀವರ್‌ನಲ್ಲಿ ಅದೇ ಕ್ವೆರಿಯನ್ನು ಓಡಿಸಿ ತೋರಿಸಿದರು, ತಕ್ಷಣ ಉತ್ತರ ಬಂತು. ಸಾಲುಗಳನ್ನು ಎಣಿಸುವ ಕೌಂಟ್ ಹಾಕಿದರು, ಅದೂ ತಕ್ಷಣ. “ಸರ್ವರ್ ಚೆನ್ನಾಗಿಯೇ ಇದೆ ಸರ್, ನಮ್ಮ ಪ್ರೋಗ್ರಾಮಿನಲ್ಲೇ ಏನೋ ದೋಷವಿದೆ” ಎಂದು ಅವರು ತಮ್ಮನ್ನೇ ದೂರಿಕೊಳ್ಳತೊಡಗಿದರು. ಆ ಮಾತನ್ನು ನಾನು ಒಪ್ಪಲಿಲ್ಲ. ಲಾಗ್ ಕಡತಕ್ಕೆ ಸುಳ್ಳು ಹೇಳುವ ಕಾರಣವೇ ಇಲ್ಲ.

ದಾರಿ ತೋರಿಸಿದ್ದು ಬೇರೊಂದು ಕಿಟಕಿ. ವರದಿ ಓಡುತ್ತಿರುವಾಗಲೇ, ಸರ್ವರಿನಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ತಿಳಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯನ್ನು ನೋಡಿದೆ. ಸ್ಥಿತಿ ‘ಆ್ಯಕ್ಟಿವ್’. ಪಕ್ಕದ ಕಾಲಂನಲ್ಲಿ, ಯಾವುದಕ್ಕಾಗಿ ಕಾಯುತ್ತಿದೆ ಎಂಬಲ್ಲಿ, ‘ಕ್ಲೈಂಟ್‌ರೈಟ್’. ಹತ್ತು ಸೆಕೆಂಡ್ ಬಿಟ್ಟು ನೋಡಿದೆ, ಅದೇ. ನಿಮಿಷ ಬಿಟ್ಟು ನೋಡಿದೆ, ಅದೇ. ಸರ್ವರ್ ಡಿಸ್ಕಿಗಾಗಲೀ ಬೀಗಕ್ಕಾಗಲೀ ಕಾಯುತ್ತಿರಲಿಲ್ಲ. ಉತ್ತರವನ್ನು ಕೈಯಲ್ಲಿ ಹಿಡಿದು, ಕೇಳಿದವರಿಗೆ ಕೊಡಲು ಕಾಯುತ್ತಿತ್ತು.

ಯಂತ್ರದ ಕೆಳಗೆ ಯಾವ ಚೀಲ

ಅಂದು ಮಧ್ಯಾಹ್ನ ಕಾರ್ಖಾನೆಯ ಗ್ರೇಡರ್ ಯಂತ್ರದ ಎದುರು ನಿಂತು ಯುವತಿಗೆ ಇದನ್ನು ವಿವರಿಸಿದೆ. ಯಂತ್ರದ ಜರಡಿಗಳು ಬೀಜವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿ ಬಾಯಿಗಳಿಂದ ಕೆಳಕ್ಕೆ ಬಿಡುತ್ತವೆ. ಬಾಯಿಯ ಕೆಳಗೆ ಗೋಣಿಚೀಲ ಕಟ್ಟಿದ್ದಾರೋ, ಮುಂದಿನ ಯಂತ್ರಕ್ಕೆ ಒಯ್ಯುವ ಪಟ್ಟಿ ಇದೆಯೋ, ಪರೀಕ್ಷೆಗೆ ಹಿಡಿದ ತಟ್ಟೆ ಇದೆಯೋ ಎಂಬುದು ಜರಡಿಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಆದರೆ ಕೆಳಗಿನ ಚೀಲ ತುಂಬಿ, ಬದಲಾಯಿಸುವವರು ಬಾರದಿದ್ದರೆ ಯಂತ್ರವನ್ನೇ ನಿಲ್ಲಿಸಬೇಕಾಗುತ್ತದೆ.

ಪೋಸ್ಟ್‌ಗ್ರೆಸ್ಸಿನ ಒಳಗೂ ಕೆಲಸ ಹೀಗೆಯೇ ಹಂಚಿಹೋಗಿದೆ. ಕ್ವೆರಿಯನ್ನು ಓಡಿಸುವ ಭಾಗಕ್ಕೆ ಎಕ್ಸಿಕ್ಯೂಟರ್ ಎಂದು ಹೆಸರು. ಅದು ಒಂದೊಂದೇ ಸಾಲನ್ನು ಸಿದ್ಧಮಾಡಿ, ತನಗೆ ಮೊದಲೇ ಕೊಟ್ಟಿರುವ ಒಬ್ಬ ಸ್ವೀಕರ್ತನ ಕೈಗೆ ಹಾಕುತ್ತದೆ. ಆಕರ ಸಂಕೇತದಲ್ಲಿ ಈ ಸ್ವೀಕರ್ತನ ಹೆಸರು ಡೆಸ್ಟ್‌ರಿಸೀವರ್. ಅದಕ್ಕೆ ಬರುವ ಕೆಲಸ ನಾಲ್ಕೇ: ಆರಂಭಕ್ಕೆ ಸಿದ್ಧವಾಗುವುದು, ಸಾಲು ತೆಗೆದುಕೊಳ್ಳುವುದು, ಮುಗಿಸುವುದು, ಕೊನೆಗೆ ತನ್ನನ್ನು ತಾನೇ ತೆರವುಗೊಳಿಸುವುದು. ಸಾಲು ತೆಗೆದುಕೊಳ್ಳುವ ಕೆಲಸ ‘ಹೌದು’ ಅಥವಾ ‘ಸಾಕು’ ಎಂಬ ಉತ್ತರವನ್ನೂ ಕೊಡುತ್ತದೆ. ‘ಸಾಕು’ ಎಂದರೆ ಎಕ್ಸಿಕ್ಯೂಟರ್ ಉಳಿದ ಸಾಲುಗಳ ಗೊಡವೆಗೆ ಹೋಗದೆ ಅಲ್ಲಿಗೇ ನಿಲ್ಲಿಸುತ್ತದೆ. ಸಾಲು ಯಾರಿಗೆ ಸೇರಬೇಕೆಂಬ ಅರಿವು ಎಕ್ಸಿಕ್ಯೂಟರಿಗೆ ಇಷ್ಟಕ್ಕಿಂತ ಹೆಚ್ಚು ಬೇಕಿಲ್ಲ. ಈ ವಿನ್ಯಾಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಒಂದೇ ಯಂತ್ರ, ಕೆಳಗಿನ ಚೀಲ ಬದಲಾದರೆ ಹತ್ತು ಬಗೆಯ ಕೆಲಸ.

ನಮ್ಮ ವರದಿಯ ಸಾಲುಗಳು ಬೀಳುತ್ತಿದ್ದದ್ದು ದೂರದ ಕ್ಲೈಂಟಿಗೆ, ಅಂದರೆ ಕೇಳಿದ ಕಂಪ್ಯೂಟರಿಗೆ, ಕಳುಹಿಸುವ ಸ್ವೀಕರ್ತನ ಕೈಗೆ. ಅವನ ಕೆಲಸ ಹಗುರವಲ್ಲ. ಆರಂಭದಲ್ಲಿ ಯಾವ ಯಾವ ಕಾಲಂ ಬರಲಿದೆ ಎಂಬ ವಿವರವನ್ನು ಕಳುಹಿಸಬೇಕು. ಪ್ರತಿ ಸಾಲಿನ ಪ್ರತಿ ಮೌಲ್ಯವನ್ನೂ, ಅದು ದಿನಾಂಕವಿರಲಿ ತೂಕವಿರಲಿ, ಅಕ್ಷರರೂಪಕ್ಕೆ ತಿರುಗಿಸಿ ಒಂದು ಸಂದೇಶವಾಗಿ ಕಟ್ಟಬೇಕು. ಬೇರೆ ಕಡೆ ಶೇಖರಿಸಿಟ್ಟ ದೊಡ್ಡ ಮೌಲ್ಯಗಳಿದ್ದರೆ ಹುಡುಕಿ ತರಬೇಕು. ಆಮೇಲೆ ನೆಟ್‌ವರ್ಕಿಗೆ ತಳ್ಳಬೇಕು. ಅತ್ತಲಿಂದ ಎತ್ತಿಕೊಳ್ಳುವುದು ನಿಧಾನವಾದರೆ ಇವನು ನಿಲ್ಲುತ್ತಾನೆ, ಇವನು ನಿಂತರೆ ಎಕ್ಸಿಕ್ಯೂಟರೂ ನಿಲ್ಲುತ್ತದೆ. ‘ಕ್ಲೈಂಟ್‌ರೈಟ್’ ಎಂಬ ಪದದ ಅರ್ಥ ಇಷ್ಟೇ.

ಎಕ್ಸ್‌ಪ್ಲೇನ್ ಅನಲೈಜ್ ಹಾಕಿದಾಗ ಪೋಸ್ಟ್‌ಗ್ರೆಸ್ ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಆದರೆ ಸ್ವೀಕರ್ತನ ಜಾಗದಲ್ಲಿ ನಿಲ್ಲುವವನು ಬೇರೆ: ಪ್ರತಿ ಸಾಲನ್ನೂ ತೆಗೆದುಕೊಂಡು ಹಾಗೆಯೇ ಬಿಟ್ಟುಬಿಡುವವನು. ಅಕ್ಷರರೂಪಕ್ಕೆ ತಿರುಗಿಸುವುದಿಲ್ಲ, ದೊಡ್ಡ ಮೌಲ್ಯಗಳನ್ನು ಹುಡುಕಿ ತರುವುದಿಲ್ಲ, ನೆಟ್‌ವರ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೀಗಾಗಿ 0.4 ಸೆಕೆಂಡ್ ಎಂಬುದು ಜರಡಿಯ ವೇಗ. ಚೀಲ ತುಂಬಿ, ಹೊಲಿದು, ಲಾರಿಗೇರಿಸುವ ಹೊತ್ತು ಅದರಲ್ಲಿ ಸೇರಿಯೇ ಇಲ್ಲ. ಲಾಗ್ ಕಡತದ ಅಂಕಿಯಲ್ಲಿ ಅದೆಲ್ಲ ಸೇರಿದೆ. ಎರಡೂ ಸತ್ಯ. ಡಿಬೀವರ್ ತಕ್ಷಣ ಉತ್ತರ ಕೊಟ್ಟದ್ದಕ್ಕೂ ಕಾರಣ ಹತ್ತಿರದ್ದೇ: ಅದು ಸಾಮಾನ್ಯವಾಗಿ ಮೊದಲ 200 ಸಾಲುಗಳನ್ನಷ್ಟೇ ತರಿಸಿಕೊಂಡು ತೋರಿಸುತ್ತದೆ. ಕೌಂಟ್ ಹಾಕಿದಾಗ ಹೊರಹೋಗುವುದು ಒಂದೇ ಒಂದು ಸಾಲು.

ತೂಕ ಎಲ್ಲಿತ್ತು

ಈಗ ಉಳಿದದ್ದು ಒಂದೇ ಪ್ರಶ್ನೆ. 5,400 ಸಾಲುಗಳಲ್ಲಿ ಹನ್ನೊಂದು ನಿಮಿಷ ಸಾಗಿಸುವಂಥದ್ದು ಏನಿದೆ?

ಟೇಬಲ್ಲಿನ ಗಾತ್ರ ಕೇಳಿದೆವು, ಎರಡು ಎಂಬಿಗೂ ಕಡಿಮೆ. ಆಮೇಲೆ ಒಟ್ಟು ಗಾತ್ರ ಕೇಳಿದೆವು, 800 ಎಂಬಿಗೂ ಮೇಲೆ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಹೊಳೆಯಿತು. ನವೆಂಬರಿನಲ್ಲಿ, ತೂಕದ ಬಗ್ಗೆ ಬೆಳೆಗಾರರ ಜೊತೆ ತಕರಾರು ಬಾರದಿರಲೆಂದು, ಪ್ರತಿ ತೂಕದ ಚೀಟಿಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಅದೇ ಟೇಬಲ್ಲಿನಲ್ಲಿ ಇಡುವ ಏರ್ಪಾಡಾಗಿತ್ತು. ಒಳ್ಳೆಯ ಉದ್ದೇಶದ ಕೆಲಸ, ಈಗಲೂ ನಾನು ಅದರ ಪರ. ಕಾಲಂ ಸೇರಿಸಲು ಒಪ್ಪಿದವನೂ ನಾನೇ. ಆದರೆ ವರದಿಯ ಕ್ವೆರಿ ‘ಸೆಲೆಕ್ಟ್ *’, ಅಂದರೆ ಎಲ್ಲ ಕಾಲಂಗಳನ್ನೂ ಕೊಡು, ಎಂದು ಆರಂಭವಾಗುತ್ತಿತ್ತು. ಫೋಟೊ ವರದಿಯ ಹಾಳೆಯ ಮೇಲೆ ಕಾಣುವುದೇ ಇಲ್ಲ, ಹಾಗಾಗಿ ಅದು ಸಾಗಿ ಬರುತ್ತಿದೆ ಎಂದು ಯಾರಿಗೂ ತೋಚಿರಲಿಲ್ಲ.

ಸುಮಾರು 2 ಕೆಬಿ ಮೀರಿದ ಸಾಲನ್ನು ಪೋಸ್ಟ್‌ಗ್ರೆಸ್ ತನ್ನ 8 ಕೆಬಿ ಪುಟಗಳಲ್ಲಿ ಹಾಗೆಯೇ ಇಡಲು ಹೋಗುವುದಿಲ್ಲ. ದೊಡ್ಡ ಮೌಲ್ಯಗಳನ್ನು ಮೊದಲು ಕುಗ್ಗಿಸಲು ನೋಡುತ್ತದೆ, ಆಗಲೂ ಹಿಡಿಸದಿದ್ದರೆ ತುಂಡುಮಾಡಿ ಬೇರೊಂದು ಟೇಬಲ್ಲಿಗೆ ಸಾಗಿಸಿ, ಇಲ್ಲಿ ಅದರ ಗುರುತನ್ನಷ್ಟೇ ಉಳಿಸಿಕೊಳ್ಳುತ್ತದೆ. ಟೋಸ್ಟ್ ಎಂಬ ಈ ವ್ಯವಸ್ಥೆ 2001ರ 7.1ನೇ ಆವೃತ್ತಿಯಿಂದ ಇದೆ. ಮೊಬೈಲ್ ಫೋಟೊ ಮೊದಲೇ ಕುಗ್ಗಿದ್ದು, ಇನ್ನಷ್ಟು ಕುಗ್ಗುವುದಿಲ್ಲ. ಹಾಗಾಗಿ ಎಲ್ಲವೂ ಆ ಇನ್ನೊಂದು ಟೇಬಲ್ಲಿಗೆ ಹೋಗಿ ಕೂತಿತ್ತು. ಎಕ್ಸಿಕ್ಯೂಟರ್ ತನ್ನ ಕೆಲಸದುದ್ದಕ್ಕೂ ಗುರುತುಗಳನ್ನಷ್ಟೇ ಹೊತ್ತು ಓಡಾಡಿತು, ಅದಕ್ಕೇ ಅಷ್ಟು ವೇಗ. ಗುರುತು ಹಿಡಿದು ನಿಜವಾದ ಫೋಟೊ ತರಬೇಕಾಗಿ ಬಂದದ್ದು ಸ್ವೀಕರ್ತನಿಗೆ.

ಲೆಕ್ಕವನ್ನು ಕಾಗದದ ಮೇಲೆ ಹಾಕಿದೆವು. ಸರಾಸರಿ ಫೋಟೊ 150 ಕೆಬಿ. 5,400 ಫೋಟೊ ಎಂದರೆ 810 ಎಂಬಿ. ಫೋಟೊ ಇದ್ದ ಕಾಲಂ ಬೈಟ್‌ಎ, ಅಂದರೆ ಬೈಟುಗಳನ್ನು ಹಾಗೆಯೇ ಇಡುವ, ಬಗೆಯದು. ಇದನ್ನು ಅಕ್ಷರರೂಪದಲ್ಲಿ ಕಳುಹಿಸುವಾಗ ಪ್ರತಿ ಬೈಟೂ ಹದಿನಾರರ ಸಂಖ್ಯಾಪದ್ಧತಿಯ ಎರಡು ಅಕ್ಷರಗಳಾಗುತ್ತದೆ. 9.0ನೇ ಆವೃತ್ತಿಯಿಂದ ಇದೇ ರೂಢಿ. ಅಂದರೆ ಹೊರಡುವಾಗ 810 ಎಂಬಿ ಎರಡರಷ್ಟಾಗಿ 1,620 ಎಂಬಿ. 20 ಮೆಗಾಬಿಟ್ ಎಂದರೆ ಸೆಕೆಂಡಿಗೆ 2.5 ಎಂಬಿ. 1,620ನ್ನು 2.5ರಿಂದ ಭಾಗಿಸಿದರೆ 648 ಸೆಕೆಂಡ್, ಅಂದರೆ 10 ನಿಮಿಷ 48 ಸೆಕೆಂಡ್. ಕಾಗದವನ್ನು ಲಾಗ್ ಕಡತದ ಪಕ್ಕದಲ್ಲಿಟ್ಟು ನೋಡಿದ ಆ ಗಳಿಗೆ ನನಗೆ ಇನ್ನೂ ನೆನಪಿದೆ. ಊಹೆ ಲೆಕ್ಕಕ್ಕೆ ಸರಿಯಾಗಿ ಕೂತಾಗ ಸಿಗುವ ನೆಮ್ಮದಿಯೇ ಬೇರೆ.

ಅರ್ಧಕ್ಕೇ ನಿಂತುಹೋಗುತ್ತಿದ್ದದ್ದರ ಕಾರಣವೂ ಇಲ್ಲಿಯೇ ಇತ್ತು. ಪೋಸ್ಟ್‌ಗ್ರೆಸ್ಸಿನ ಕ್ಲೈಂಟ್ ಲೈಬ್ರರಿ ಬೇರೆ ರೀತಿ ಹೇಳದ ಹೊರತು ಇಡೀ ಫಲಿತಾಂಶವನ್ನು ಮೊದಲು ಮೆಮೊರಿಯಲ್ಲಿ ಪೇರಿಸಿಕೊಂಡು ಆಮೇಲೆ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಯುವತಿ ಜಾಗ್ರತೆಯಿಂದ ನೂರು ನೂರು ಸಾಲುಗಳನ್ನೇ ಪಡೆಯುವಂತೆ ಬರೆದಿದ್ದರು. ಆದರೆ ಪೈಥಾನನ್ನು ಪೋಸ್ಟ್‌ಗ್ರೆಸ್ಸಿಗೆ ಜೋಡಿಸುವ ಸೈಕೋಪಿಜಿ2ರ ಸಾಮಾನ್ಯ ಕರ್ಸರ್‌ನಲ್ಲಿ (ಫಲಿತಾಂಶವನ್ನು ಸ್ವಲ್ಪ ಸ್ವಲ್ಪವೇ ಓದಿಕೊಳ್ಳುವ ಸಾಧನದಲ್ಲಿ) ಆ ನೂರು ಎಂಬುದು ಆಗಲೇ ಕಂಪ್ಯೂಟರಿಗೆ ಬಂದು ಸೇರಿದ ರಾಶಿಯಿಂದ ತೆಗೆಯುವ ನೂರು. ರಾಶಿ 1,620 ಎಂಬಿ, ಇರುವುದು 4 ಜಿಬಿ, ಅದರಲ್ಲೇ ಬ್ರೌಸರ್, ಬಿಲ್ಲಿಂಗ್ ಎಲ್ಲವೂ ಆಗಬೇಕು.

ಇದರ ಜೊತೆಗೆ ಇನ್ನೊಂದು ಹಾನಿಯೂ ಸದ್ದಿಲ್ಲದೆ ಆಗುತ್ತಿತ್ತು. ಕ್ವೆರಿ ಮುಗಿಯದೆ ಇರುವಷ್ಟು ಹೊತ್ತೂ ಅದರ ಸ್ನ್ಯಾಪ್‌ಶಾಟ್, ಅಂದರೆ ಅದು ನೋಡುತ್ತಿರುವ ಡೇಟಾಬೇಸಿನ ಆ ಕ್ಷಣದ ಚಿತ್ರ, ಜೀವಂತ. ಆ ಹೊತ್ತಿನಲ್ಲಿ ತಿದ್ದಿದ ಸಾಲುಗಳ ಹಳೆಯ ಪ್ರತಿಗಳನ್ನು ವ್ಯಾಕ್ಯೂಮ್ ಗುಡಿಸುವಂತಿಲ್ಲ. ದಿನಕ್ಕೆ ಹತ್ತಾರು ಸಲ ವರದಿ ತೆಗೆದರೆ ಕಸ ತುಂಬುತ್ತಲೇ ಇರುತ್ತದೆ.

ಬಾಯಿ ಬದಲಾಯಿಸಿದ್ದು

ಲೆಕ್ಕದ ವರದಿಗೆ ಬೇಕಾದ ಕಾಲಂಗಳು ಒಂಬತ್ತು. ಅವುಗಳ ಹೆಸರನ್ನೇ ಬರೆದೆವು, ಒಂದು ಎಂಬಿಯಷ್ಟು ಸಾಗಿತು, ಎರಡು ಸೆಕೆಂಡಿನೊಳಗೆ ವರದಿ ಬಂತು. ಅಂದು ಸಂಜೆಯೇ ಕೌಂಟರಿನ ಸಾಲು ಕರಗಿತು.

ಕಷ್ಟದ್ದು ಲೆಕ್ಕಪರಿಶೋಧಕರ ಬೇಡಿಕೆ. ಅವರ ಕಚೇರಿ ಹಾಸನದಲ್ಲಿ, ಅವರಿಗೆ ಫೋಟೊಗಳೂ ಬೇಕು. ಯುವತಿ ಮೊದಲು, ಸಾಲುಗಳನ್ನು ಕಡತಕ್ಕೆ ಬರೆಯುವ ಕಾಪಿ ಆಜ್ಞೆಯಲ್ಲಿ ಕಡತದ ಹೆಸರು ಕೊಟ್ಟು ಪಟ್ಟಿಯನ್ನು ಬರೆಸಿದರು, ತಮ್ಮ ಲ್ಯಾಪ್‌ಟಾಪಿನಲ್ಲೆಲ್ಲ ಹುಡುಕಿದರು, ಕಡತ ಸಿಗಲಿಲ್ಲ. ಇದು ಅನೇಕರನ್ನು ಎಡವಿಸುವ ಕಲ್ಲು. ಕಾಪಿಗೆ ಕಡತದ ಹೆಸರು ಕೊಟ್ಟರೆ ಬರೆಯುವುದು ಸರ್ವರ್, ತನ್ನದೇ ಡಿಸ್ಕಿನಲ್ಲಿ, ತನ್ನದೇ ಬಳಕೆದಾರನ ಹೆಸರಿನಲ್ಲಿ. ಹಳೆಯ ಕಡತವಿದ್ದರೆ ಅದರ ಮೇಲೆಯೇ ಬರೆದುಬಿಡುತ್ತದೆ. ಅದಕ್ಕಾಗಿಯೇ ಈ ಅನುಮತಿ ಎಲ್ಲರಿಗೂ ಇರುವುದಿಲ್ಲ. ಸೂಪರ್‌ಯೂಸರ್ ಆಗಿರಬೇಕು, ಇಲ್ಲವೇ 11ನೇ ಆವೃತ್ತಿಯಲ್ಲಿ ಬಂದ, ಸರ್ವರಿನ ಕಡತಗಳನ್ನು ಬರೆಯುವ ಪಾತ್ರವನ್ನು ಪಡೆದಿರಬೇಕು. ನಮ್ಮ ಕಂಪ್ಯೂಟರಿಗೆ ಬೇಕಾದರೆ ಕಾಪಿಯನ್ನು ಎಸ್‌ಟಿಡಿಔಟ್ ಕಡೆಗೆ, ಅಂದರೆ ಕ್ಲೈಂಟಿನ ಕಡೆಗೆ, ತಿರುಗಿಸಬೇಕು. ಪೋಸ್ಟ್‌ಗ್ರೆಸ್ಸಿಗೆ ಆಜ್ಞೆ ಕೊಡುವ ಸಾಧನವಾದ ಪಿಎಸ್‌ಕ್ಯೂಎಲ್‌ನಲ್ಲಿ ಹಿಂಬಾಗಿದ ಗೆರೆ ಹಾಕಿ ಬರೆಯುವ ಕಾಪಿ ಮಾಡುವುದು ಇದನ್ನೇ: ಸಾಲುಗಳನ್ನು ಸರ್ವರಿನಿಂದ ಹೊಳೆಯಂತೆ ಹರಿಸಿಕೊಂಡು ಈ ಬದಿಯ ಕಡತಕ್ಕೆ ಬರೆಯುವುದು. ಹೆಸರು ಒಂದೇ, ಬೀಳುವ ಜಾಗ ಬೇರೆ.

ಫೋಟೊಗಳಿಗೆ ಎರಡೂ ಹೊಂದುವಂತಿರಲಿಲ್ಲ. ಯಾವ ಕಾಪಿಯೇ ಆದರೂ 20 ಮೆಗಾಬಿಟ್‌ನ ಕಿರಿದಾದ ದಾರಿಯನ್ನು ಅಗಲಗೊಳಿಸಲಾರದು. ಹಾಗಾಗಿ ಸಾಗಿಸುವ ದಾರಿಯನ್ನೇ ಬದಲಾಯಿಸಿದೆವು. ಸರ್ವರ್ ಇರುವ ಯಂತ್ರದಲ್ಲಿಯೇ ರಾತ್ರಿ ಓಡುವ ಸಣ್ಣ ಪ್ರೋಗ್ರಾಂ, ಸರ್ವರಿನ ಬದಿಯಲ್ಲೇ ತೆರೆದುಕೊಳ್ಳುವ ಹೆಸರುಳ್ಳ ಕರ್ಸರ್, ಪ್ರತಿ ಫೋಟೊ ಒಂದೊಂದು ಕಡತವಾಗಿ ಹಾರ್ಡ್ ಡಿಸ್ಕಿಗೆ. ಈ ಬಗೆಯ ಕರ್ಸರ್ ಒಂದು ಸಲಕ್ಕೆ ರೂಢಿಯಂತೆ 2,000 ಸಾಲು ತರುತ್ತದೆ. ಸಾಲಿಗೆ 300 ಕೆಬಿಯಂತೆ ಅದೇ 600 ಎಂಬಿ ಆಗುವುದರಿಂದ 50ಕ್ಕೆ ಇಳಿಸಿದೆವು. ಆ ಹಾರ್ಡ್ ಡಿಸ್ಕನ್ನು ನಾನೇ ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹಾಸನಕ್ಕೆ ತಂದು ಕೊಟ್ಟೆ.

ಇನ್ನು ತಿಂಗಳ ಸಾರಾಂಶ. ಅದನ್ನು ಕ್ಲೈಂಟಿಗೆ ತಂದು ಕೂಡಿಸುವ ಬದಲು ಸರ್ವರಿನೊಳಗೇ ಇಡುವುದೆಂದು ತೀರ್ಮಾನಿಸಿದಾಗ ಯುವತಿ ಕೇಳಿದರು: “ಕ್ರಿಯೇಟ್ ಟೇಬಲ್ ಆ್ಯಸ್ ಬರೆದರೂ ಇನ್ಸರ್ಟ್ ಸೆಲೆಕ್ಟ್ ಬರೆದರೂ ಒಂದೇ ಅಲ್ಲವೇ ಸರ್?” ಒಳ್ಳೆಯ ಪ್ರಶ್ನೆ. ಎರಡೂ ಕ್ವೆರಿಯ ಫಲಿತಾಂಶವನ್ನು ಟೇಬಲ್ಲಿಗೆ ತುಂಬುತ್ತವೆ, ಮೊದಲನೆಯದು ಹೊಸ ಟೇಬಲ್ಲಿಗೆ, ಎರಡನೆಯದು ಆಗಲೇ ಇರುವ ಟೇಬಲ್ಲಿಗೆ. ಹೊರಗಿನಿಂದ ಒಂದೇ, ಒಳಗೆ ಬೇರೆ. ಮೊದಲನೆಯದರಲ್ಲಿ ಹೊಸ ಟೇಬಲ್ಲೇ ಸ್ವೀಕರ್ತ: ಅವನು ಆರಂಭದಲ್ಲಿ ಟೇಬಲ್ಲನ್ನು ಸೃಷ್ಟಿಸಿ ಬಂದ ಸಾಲುಗಳನ್ನು ಅದರೊಳಗೆ ಸುರಿಯುತ್ತಾನೆ. ಎರಡನೆಯದರಲ್ಲಿ ಸಾಲು ಸೇರಿಸುವ ಕೆಲಸ ಕ್ವೆರಿಯ ಯೋಜನೆಯ ಒಳಗೇ ನಡೆದುಹೋಗುತ್ತದೆ, ಸೇರಿಸಿದ ಸಾಲುಗಳನ್ನು ಮರಳಿ ಕೇಳುವ ರಿಟರ್ನಿಂಗ್ ಎಂಬ ಪದ ಬರೆಯದಿದ್ದರೆ ಸ್ವೀಕರ್ತನ ಕೈಗೆ ಒಂದು ಸಾಲೂ ಬರುವುದಿಲ್ಲ. ಈ ವ್ಯತ್ಯಾಸಕ್ಕೆ ಬೆಲೆ ಇದೆ. 11ನೇ ಆವೃತ್ತಿಯಿಂದ ಕ್ರಿಯೇಟ್ ಟೇಬಲ್ ಆ್ಯಸ್‌ನ ಸೆಲೆಕ್ಟ್ ಭಾಗವನ್ನು ಹಲವು ವರ್ಕರ್‌ಗಳು (ಜೊತೆಜೊತೆಗೆ ದುಡಿಯುವ ಪ್ರಕ್ರಿಯೆಗಳು) ಹಂಚಿಕೊಂಡು ಮಾಡಬಲ್ಲವು, ನಮ್ಮ 14ರ ಇನ್ಸರ್ಟ್ ಸೆಲೆಕ್ಟ್‌ನಲ್ಲಿ ಅದು ಆಗದು. ಆ ವರ್ಕರ್‌ಗಳಿಗೂ ತಮ್ಮದೇ ಸ್ವೀಕರ್ತರಿದ್ದಾರೆ: ಪ್ರತಿಯೊಬ್ಬರ ಸಾಲುಗಳೂ ಹಂಚಿಕೊಂಡ ಮೆಮೊರಿಯಲ್ಲಿರುವ 64 ಕೆಬಿಯ ಒಂದು ಸರತಿಗೆ ಬೀಳುತ್ತವೆ, ಮುಖ್ಯ ಪ್ರಕ್ರಿಯೆ ಅಲ್ಲಿಂದ ಎತ್ತಿಕೊಳ್ಳುತ್ತದೆ.

ಕೊನೆಗೆ ನಾವು ಆರಿಸಿಕೊಂಡದ್ದು, ಕ್ವೆರಿಯ ಫಲಿತಾಂಶವನ್ನೇ ಟೇಬಲ್ಲಿನಂತೆ ಶೇಖರಿಸಿಡುವ ಮೆಟೀರಿಯಲೈಸ್ಡ್ ವ್ಯೂ. ಅದನ್ನು ನವೀಕರಿಸುವಾಗ ಸಾಲುಗಳು ಮರೆಯಲ್ಲಿ ಕಟ್ಟುವ ಹೊಸ ಪ್ರತಿಯೊಂದಕ್ಕೆ ಬೀಳುತ್ತವೆ, ಎಲ್ಲ ಮುಗಿದ ಮೇಲೆ ಹಳೆಯದರ ಜಾಗಕ್ಕೆ ಹೊಸದು ಬರುತ್ತದೆ. ಆ ಹೊತ್ತಿನಲ್ಲಿ ಓದುವವರೂ ಕಾಯಬೇಕಾಗುತ್ತದೆ. ಕನ್‌ಕರೆಂಟ್‌ಲಿ ಎಂದು ಬರೆದರೆ ಕಾಯಬೇಕಿಲ್ಲ, ಆದರೆ ಒಂದೇ ಮೌಲ್ಯ ಎರಡು ಸಲ ಬರಲು ಬಿಡದ ಯುನಿಕ್ ಇಂಡೆಕ್ಸ್ ಒಂದು ಇರಲೇಬೇಕು. ನಮ್ಮಲ್ಲಿ ರಾತ್ರಿ ಎರಡು ಗಂಟೆಗೆ ಯಾರೂ ಓದುವುದಿಲ್ಲವಾದ್ದರಿಂದ ಸರಳ ದಾರಿಯೇ ಸಾಕಾಯಿತು.

ಮಾರ್ಚಿನಲ್ಲಿ, ಡೇಟಾಬೇಸಿನ ಒಂದು ಪ್ರತಿಯನ್ನು 17ನೇ ಆವೃತ್ತಿಯ ಮೇಲೆ ನಿಲ್ಲಿಸಿ ನೋಡಿದೆ. 2024ರಲ್ಲಿ ಬಂದ ಈ ಆವೃತ್ತಿಯಲ್ಲಿ ಎಕ್ಸ್‌ಪ್ಲೇನ್‌ಗೆ ಸೀರಿಯಲೈಜ್ ಎಂಬ ಆಯ್ಕೆ ಸೇರಿದೆ. ಇದರಲ್ಲಿ ನಿಲ್ಲುವ ಸ್ವೀಕರ್ತ ದೊಡ್ಡ ಮೌಲ್ಯಗಳನ್ನು ತರುತ್ತಾನೆ, ಅಕ್ಷರರೂಪಕ್ಕೆ ತಿರುಗಿಸುತ್ತಾನೆ, ಎಷ್ಟು ಕೆಬಿ ಆಯಿತೆಂದು ಅಳೆಯುತ್ತಾನೆ, ನೆಟ್‌ವರ್ಕಿಗೆ ಮಾತ್ರ ಬಿಡುವುದಿಲ್ಲ. ಹಳೆಯ ‘ಸೆಲೆಕ್ಟ್ *’ ಕ್ವೆರಿಯನ್ನು ಹಾಕಿದೆ. ಓಡಿಸಲು 0.4 ಸೆಕೆಂಡ್, ತಿರುಗಿಸಲು 7 ಸೆಕೆಂಡ್, ಗಾತ್ರ 16 ಲಕ್ಷ ಕೆಬಿಗೂ ಮೇಲೆ. ಫೆಬ್ರುವರಿಯಲ್ಲಿ ಈ ಒಂದು ಸಾಲು ನಮ್ಮ ಕಣ್ಣಿಗೆ ಬಿದ್ದಿದ್ದರೆ ಆ ಎರಡು ದಿನ ಉಳಿಯುತ್ತಿದ್ದವು.

ಈಗ ಹೊಸ ಕ್ವೆರಿ ಬರೆದು ಕಳುಹಿಸುವಾಗ ಯುವತಿ ಅದರ ಮೇಲ್ಗಡೆ ಒಂದು ಟಿಪ್ಪಣಿ ಸೇರಿಸುತ್ತಾರೆ: ಫಲಿತಾಂಶ ಹೋಗಿ ಬೀಳುವುದು ಎಲ್ಲಿ, ಎಷ್ಟು ಎಂಬಿ. ಹಳೆಯ ಪ್ರೋಗ್ರಾಮುಗಳನ್ನೆಲ್ಲ ಜಾಲಾಡಿ ಇನ್ನೂ ಏಳು ಕಡೆ ‘ಸೆಲೆಕ್ಟ್ *’ ಹುಡುಕಿ ತೆಗೆದಿದ್ದಾರೆ. ಐದನ್ನು ತಿದ್ದಿ ಆಗಿದೆ. ಉಳಿದ ಎರಡು, ಲಾರಿ ತೂಗುವ ತೂಕದ ಸೇತುವೆಯ ಪ್ರೋಗ್ರಾಮಿನಲ್ಲಿವೆ, ಕೊಯ್ಲು ಪೂರ್ತಿ ಮುಗಿಯದೆ ಅದನ್ನು ಮುಟ್ಟುವಂತಿಲ್ಲ. ಫೋಟೊಗಳನ್ನು ಬೇರೆ ಟೇಬಲ್ಲಿಗೆ ಎತ್ತುವ ಕೆಲಸವನ್ನು ಮುಂದಿನ ನವೆಂಬರಿನೊಳಗೆ ಮುಗಿಸಿಕೊಡುವುದಾಗಿ ಮಾತು ಕೊಟ್ಟಿದ್ದೇನೆ.